ಐಸಿಯುನಲ್ಲಿ ಬಕೆಟ್, ಬಟ್ಟೆ ಹಿಡಿದ ಕೈಗಳಿಗೆ

ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗೂ ಜಗ್ಗದ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ವಿಜಯಪುರದ ನಮ್ಮ ಐಸಿಯುನಲ್ಲಿ ಹೊಸ ರೋಗಿಗೆ ಅಂಟದೆ ಮೂರು ತಿಂಗಳಾದವು. ಹೊಸ ಇಂಜೆಕ್ಷನ್ ಯಾವುದೂ ಬಂದಿಲ್ಲ. ಹಾಗಾಗಿ ಸೋಂಕು ನಿಯಂತ್ರಣ ತಂಡದ ಮೊದಲ ನಮಸ್ಕಾರ ಸ್ವಚ್ಛತೆಯ ಅಕ್ಕ-ಅಣ್ಣಂದಿರಿಗೆ.

ಈ ಕ್ರಿಮಿ ಒಣಗಿದ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಜೀವ ಹಿಡಿದಿರುತ್ತದೆ. ನೆಲ ಎಷ್ಟೇ ಫಳಫಳಿಸಲಿ, ಸಿರಿಂಜ್ ಪಂಪಿನ ಗುಂಡಿ ಬಿಟ್ಟುಹೋದರೆ ಕೆಲಸ ಕೆಟ್ಟಂತೆ. ನೀವು ಸೋಪುನೀರಲ್ಲಿ ಕೊಳೆ ತೆಗೆದೇ ಹೈಪೋ (ಕ್ರಿಮಿ ಕೊಲ್ಲುವ ಕ್ಲೋರಿನ್ ದ್ರಾವಣ, ಸೋಡಿಯಂ ಹೈಪೋಕ್ಲೋರೈಟ್) ಹಚ್ಚಿದಿರಿ. ರಕ್ತ, ಕಫ ಉಳಿದಿದ್ದರೆ ಕ್ಲೋರಿನ್ ಅದರಲ್ಲೇ ಸವೆದುಹೋಗುತ್ತದೆ. ಶೇ 5ರ ಹೈಪೋ 200 ಮಿ.ಲೀ., ನೀರು 800 ಮಿ.ಲೀ., ಅಂದಾಜಿಗೆ ಸುರಿಯದೆ ಅಳತೆಯ ಜಗ್ಗಿನಲ್ಲೇ. ಹಚ್ಚಿದ ಮೇಲೆ 10 ನಿಮಿಷ ಹಸಿಯಾಗಿರಬೇಕು. ಏಸಿ ಗಾಳಿಗೆ ಬೇಗ ಆರಿದರೆ ಮತ್ತೊಂದು ಕೈ. ಕಬ್ಬಿಣ ತುಕ್ಕು ಹಿಡಿಯದಂತೆ ಕೊನೆಗೆ ಬರೀ ನೀರಿನ ಬಟ್ಟೆ. ಮಾನಿಟರಿಗೆ ಮಾತ್ರ ಹೈಪೋ ಬೇಡ, ಶೇ 70ರ ಆಲ್ಕೋಹಾಲ್ ಸಾಕು. ನಮ್ಮೂರ ಬಿಸಿಲಲ್ಲಿ ಕ್ಯಾನ್ ಇಟ್ಟರೆ ಹೈಪೋದ ಕಸುವು ಇಳಿಯುತ್ತದೆ ಅಂತ ಅದನ್ನು ವರಾಂಡದಿಂದ ಕತ್ತಲೆ ಕೋಣೆಗೆ ಸಾಗಿಸಿದವರೂ ನೀವೇ.

ಸಿಸ್ಟರುಗಳಿಗೆ: 3 ಮಿ.ಲೀ. ಹ್ಯಾಂಡ್‌ರಬ್, 20ರಿಂದ 30 ಸೆಕೆಂಡು, ಹೆಬ್ಬೆರಳು ಮತ್ತು ಉಗುರಿನ ತುದಿ ಸೇರಿ. ಗ್ಲೌಸ್ ಹಾಕಿದವರಿಗೇ ಕೈ ಶುದ್ಧವಾಗಿದೆ ಎಂಬ ಭ್ರಮೆ ಜಾಸ್ತಿ. ಒಂದೇ ಜೋಡಿಯಲ್ಲಿ ಎರಡು ಬೆಡ್ ಮುಟ್ಟುವುದನ್ನು ನೀವು ನಿಲ್ಲಿಸಿದಿರಿ, ದೊಡ್ಡ ಡಾಕ್ಟರನ್ನೂ ಬಿಡದೆ. ವೆಂಟಿಲೇಟರ್ ರೋಗಿಯ ತಲೆಭಾಗ 30ರಿಂದ 45 ಡಿಗ್ರಿ, ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗೆ ಆದರೆ ನೆಲಕ್ಕೆ ತಾಗದೆ, ಚೀಲ ಬಸಿಯಲು ಒಬ್ಬೊಬ್ಬರಿಗೆ ಒಂದೊಂದು ಜಗ್. ಎಲ್ಲಕ್ಕಿಂತ ಬೆಲೆಯದು ಬೆಳಗಿನ ರೌಂಡಿನಲ್ಲಿ ರೋಗಿಯ ರಕ್ತನಾಳಕ್ಕೆ ಹಾಕಿದ ನಳಿಕೆ ತೋರಿಸಿ ನೀವು ಕೇಳಿದ ಪ್ರಶ್ನೆ: "ಸರ್, ಈ ಲೈನ್ ಇವತ್ತೂ ಬೇಕ್ರೀ?"

ಲ್ಯಾಬಿನವರ ಹಟವೂ ದೊಡ್ಡದು. ಆಂಟಿಬಯೋಟಿಕ್ ಕೊಡುವ ಮುಂಚೆ ಕ್ರಿಮಿ ಬೆಳೆಸಿ ನೋಡಲು ಎರಡು ಕಡೆಯಿಂದ ರಕ್ತ, ದೊಡ್ಡವರಿಗೆ ಬಾಟಲಿಗೆ 8ರಿಂದ 10 ಮಿ.ಲೀ.; ಕಡಿಮೆ ರಕ್ತದಲ್ಲಿ ಕ್ರಿಮಿ ಸಿಗದೇ ಹೋಗಬಹುದು. ಕೊನೆಯ ಅಸ್ತ್ರದಂಥ ಆಂಟಿಬಯೋಟಿಕ್ ಕೊಲಿಸ್ಟಿನ್‌ಗೆ ಡಿಸ್ಕ್ ಪರೀಕ್ಷೆಯ (ಔಷಧಿಯ ಬಿಲ್ಲೆ ಇಟ್ಟು, ಸುತ್ತ ಕ್ರಿಮಿ ಬೆಳೆಯದ ವೃತ್ತ ಅಳೆಯುವುದು) ಫಲಿತಾಂಶ ಕೊಡಲು ನೀವು ಒಪ್ಪಲೇ ಇಲ್ಲ. ಸರಿಯೇ. ಆ ಔಷಧಿ ಕ್ರಿಮಿ ಬೆಳೆಸುವ ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ, ವೃತ್ತದ ಅಳತೆ ನಂಬುವಂತಿಲ್ಲ. ದ್ರವದಲ್ಲಿ ಔಷಧಿಯ ಬೇರೆ ಬೇರೆ ಪ್ರಮಾಣ ಬೆರೆಸಿ ನೋಡುವ ಬ್ರಾತ್ ಮೈಕ್ರೋಡೈಲ್ಯೂಶನ್ನೇ ಬೇಕು. ಕಫದಲ್ಲಿ ಬೆಳೆದದ್ದೆಲ್ಲ ರೋಗವಲ್ಲ, ಬರೀ ಬೀಡುಬಿಟ್ಟಿರಲೂಬಹುದು ಎಂದು ನೀವು ಫೋನ್ ಮಾಡಿ ಹೇಳಿದಾಗಲೆಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಕೊಲಿಸ್ಟಿನ್ ತಪ್ಪಿಸಲು ಒಂದು ದಾರಿ ಸಿಕ್ಕಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಬಂದು ಒಬ್ಬೊಬ್ಬರಾಗಿ ಒಳಬಂದ, ಮಂಚದ ಮೇಲೆ ಕೂರದ ಮನೆಯವರಿಗೂ ಶರಣು.

ಕೊನೆಗೆ ಪ್ಲಂಬರ್ ಅಣ್ಣನಿಗೆ. ಗಡಸು ನೀರಿನ ಸುಣ್ಣ ಕಟ್ಟಿದ ನಲ್ಲಿಯ ಜಾಲರಿಯಲ್ಲಿ, ಸಿಂಕಿನ ಕೊಳವೆಯ ಲೋಳೆಯಲ್ಲಿ ಈ ಕ್ರಿಮಿಗಳು ಮನೆ ಮಾಡುತ್ತವೆ. ಉಳಿದ ಗ್ಲುಕೋಸ್ ಡ್ರಿಪ್ ಅಲ್ಲಿ ಸುರಿದರೆ ಅವಕ್ಕೆ ಊಟ ಬಡಿಸಿದಂತೆ. ಜಾಲರಿ ಬಿಚ್ಚಿ ತೊಳೆದಿರಿ, ಕ್ರಿಮಿ ಹೊರಗೆ ಚಿಮ್ಮದಿರಲೆಂದು ನಲ್ಲಿಯ ಧಾರೆ ನೇರ ಕೊಳವೆಯ ಬಾಯಿಗೆ ಬೀಳದಂತೆ ತಿರುಗಿಸಿದಿರಿ. ಮೂರನೇ ಬೆಡ್ ಪಕ್ಕದ ಸಿಂಕು ಮಾತ್ರ ಇನ್ನೂ ಚಿಮ್ಮುತ್ತಿದೆ, ಸೋಮವಾರ ಒಮ್ಮೆ ಬಂದು ಹೋಗ್ರಿ.