ಡ್ರ್ಯಾಗನ್, ಡಂಜನ್ ಚರ್ಚೆ ಬಗ್ಗೆ ಒಂದು ಮಾತು

ಗೆಳೆಯರೇ, ಆಟಗಾರರು ಪಾತ್ರಗಳಾಗಿ ಕಥೆ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಈ ಎರಡು ಪತ್ರಿಕೆಗಳನ್ನು ಅಚ್ಚಿನಲ್ಲಿ ಓದಿದವರು ಮಾತ್ರ ನಿಜವಾದ ಓದುಗರು ಅನ್ನುವ ಹಳೇ ಮಾತು ಮತ್ತೆ ಬಿಸಿಯೇರಿದೆ. ಅಚ್ಚು ನಿಂತ ಬೇಸರ ನನಗೂ ಇದೆ. 1976ರಲ್ಲಿ ಶುರುವಾದ ಡ್ರ್ಯಾಗನ್, 2007ರ ಸೆಪ್ಟೆಂಬರ್‌ನಲ್ಲಿ 359ನೇ ಸಂಚಿಕೆಗೆ ಅಚ್ಚು ನಿಲ್ಲಿಸಿತು. ಡಂಜನ್ 150ಕ್ಕೆ ನಿಂತಿತು. ಆಮೇಲೆ ಎರಡೂ ಆನ್‌ಲೈನ್‌ಗೆ ಹೋದವು. ಓದಲು ಸಿಕ್ಕಿತು, ನಿಜ. ಆದರೆ ಮೇಜಿನ ಮೇಲೆ ಹರಡಿಕೊಂಡು ಆಟದ ನಕ್ಷೆಯ ಕೋಣೆಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುವ ಖುಷಿ ಪರದೆಯಲ್ಲಿ ಎಲ್ಲಿ ಬರಬೇಕು? ನನ್ನ ಹತ್ತಿರ ಇರುವ ಒಂದು ಡಂಜನ್‌ನ ಹಾಳೆಗಳು ಕಿತ್ತು ಬಂದಿವೆ. ಒಂದು ನಕ್ಷೆಯ ಮೂಲೆಯಲ್ಲಿ ‘ಕಳ್ಳ ಇಲ್ಲೇ ಸತ್ತ’ ಅಂತ ಬರೆದಿದ್ದು ಇನ್ನೂ ಕಾಣುತ್ತದೆ.

ಹಾಗಂತ ಆನ್‌ಲೈನ್ ಸಂಚಿಕೆ ಓದಿ ಆಟ ಕಲಿತವರಿಗೆ ‘ನೀವು ನಿಜವಾದ ಓದುಗರೇ ಅಲ್ಲ’ ಅನ್ನುವುದು ತಪ್ಪು, ಅಲ್ವಾ? ದಯವಿಟ್ಟು ನಿಲ್ಲಿಸಿ. ಈ ಪತ್ರಿಕೆಗಳನ್ನು ಪರವಾನಗಿ ಪಡೆದು ಅಚ್ಚು ಹಾಕುತ್ತಿದ್ದ ಪೈಜೊ ಕಂಪನಿ ಕೂಡ ಆ ಪರವಾನಗಿ ಮುಗಿಯಿತೆಂದು ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ ಪಾತ್‌ಫೈಂಡರ್ ಎಂಬ, ಆಡಲು ಸಿದ್ಧಪಡಿಸಿದ ಕಥೆಗಳ ಸಾಹಸಮಾಲೆ ತಂದಿತು.

ಇನ್ನೊಂದು ವಿಷಯ. ಸ್ಕ್ಯಾನ್ ಮಾಡಿದ ಇಡೀ ಸಂಚಿಕೆಗಳನ್ನು ಇಲ್ಲಿ ಹಾಕಬೇಡಿ. ನಿಮ್ಮ ಸಂಚಿಕೆಯ ಮುಖಪುಟದ ಫೋಟೊ ಹಾಕಿ, ಅದರಿಂದ ಆಡಿದ ಸಾಹಸದ ಬಗ್ಗೆ ನಾಲ್ಕು ಸಾಲು ಬರೆಯಿರಿ. ಜಾಸ್ತಿ ಬರೆದರೂ ಸಂತೋಷವೇ. ಇವತ್ತು ಸಂಜೆ ನಾನೇ ಶುರು ಮಾಡುತ್ತೇನೆ.