ಯಾವ ಊರವರು ಅಂತ ಕೇಳಿದ್ದಕ್ಕೆ

ಕಲಬುರಗಿ
ಸೋಮವಾರ ರಾತ್ರಿ

ನನ್ನವ್ವಾ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನಿಮ್ಮವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮತ್ತೆ ಫೋನ್ ಮಾಡಿದರೆ ನನ್ನ ದನಿ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಡೊಂಬಿವ್ಲಿಯ ಚಿಗವ್ವನ ಮನೆ ಬಿಟ್ಟು ಮುಂಬೈಯ ಘಾಟ್ಕೋಪರ್‌ನಲ್ಲಿ ಮೂವರು ಹುಡುಗಿಯರ ಜೊತೆ ಇರುತ್ತೇನೆ ಅಂತ ನೀನು ಅಂದೆ. ಬಾಡಿಗೆ ಎಷ್ಟು, ನೀರು ಬರುತ್ತದಾ, ಏನೂ ಕೇಳಲಿಲ್ಲ ನಾನು. ಯಾವ ಊರವರು, ಯಾವ ಜನ, ಏನು ತಿನ್ನುತ್ತಾರೆ ಅಂತ ಕೇಳಿದೆ. ಒಬ್ಬಳು ಮಣಿಪುರದವಳು ಅಂದ ಕೂಡಲೇ ಬೇಡ ಅಂದುಬಿಟ್ಟೆ. ತಪ್ಪು ನನ್ನದು.

2005ರ ಮುಂಬೈಯ ಆ ಮಳೆಯ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ನಿಮ್ಮವ್ವ ಎರಡು ದಿನ ಎಸ್‌ಟಿಡಿ ಬೂತ್ ಮುಂದೆ ಕೂತಿದ್ದು ಅವಳೇ ಹೇಳಿದ್ದಾಳೆ. ನನ್ನ ಅರ್ಧ ಕೇಳು. ಆಗ ನಾನು ಬೇಳೆ ಮಿಲ್ಲಿನ ಗುಮಾಸ್ತ. ತೊಗರಿ ಬೇಳೆಯ ಬಾಕಿ ವಸೂಲಿಗೆ ವಾಶಿ ಮಾರ್ಕೆಟ್‌ಗೆ ಹೋಗಿದ್ದೆ. ಜುಲೈ 26. ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿದು ಸೊಲ್ಲಾಪುರಕ್ಕೆ ಬರೋಣ ಅಂತ ಮಧ್ಯಾಹ್ನವೇ ಲೋಕಲ್ ಹತ್ತಿದೆ. ಚೆಂಬೂರು ದಾಟಿ, ಕುರ್ಲಾ ಸೇರುವ ಮೊದಲೇ ಗಾಡಿ ನಿಂತಿತು. ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ನಮ್ಮೂರಿಗೆ ಸಾಮಾನ್ಯವಾಗಿ ಇಡೀ ವರ್ಷಕ್ಕೂ ಅಷ್ಟು ಬೀಳುವುದಿಲ್ಲ. ಮಿಠಿ ನದಿ ಉಕ್ಕಿ ಓಣಿಗಳಿಗೆ ನುಗ್ಗಿತ್ತು. ಹಳಿ ಮೇಲೆ ಇಳಿದು ನಡೆದೆವು. ಮೊಣಕಾಲಿಗಿದ್ದ ನೀರು ಎದೆಗೆ ಬಂತು. ಮಿಲ್ಲಿನ ದುಡ್ಡಿನ ಚೀಲ ತಲೆ ಮೇಲೆ. ನನಗೆ ಈಜು ಬರುವುದಿಲ್ಲ.

ಒಂದು ಚಾಳಿನ ಮೆಟ್ಟಿಲ ಮೇಲೆ ನಿಂತಿದ್ದ ಹೆಂಗಸು ನನ್ನ ಅಂಗಿ ಹಿಡಿದು ಎಳೆದುಕೊಂಡಳು. ಮೇಲೆ ಒಂದೇ ಖೋಲಿ, ಅದರಲ್ಲಿ ಹನ್ನೊಂದು ಜನ. ಕರೆಂಟ್ ಇಲ್ಲ. ಹಾಲಿಲ್ಲದ ಚಹಾ ಕೊಟ್ಟಳು, ಉಡಲು ಗಂಡನ ಲುಂಗಿ ಕೊಟ್ಟಳು. ನನ್ನ ದಖ್ಖನಿ ಮಾತು ಕೇಳಿ ಮುದುಕನೊಬ್ಬ ಯಾವ ಊರು ಅಂದ. ಗುಲ್ಬರ್ಗ ಅಂದೆ. "ಬಂದೇನವಾಜರ ಊರು" ಅಂತ ನಮ್ಮೂರ ದರ್ಗಾದ ಸೂಫಿ ಸಂತರನ್ನು ನೆನೆದು ಎದೆ ಮೇಲೆ ಕೈ ಇಟ್ಟುಕೊಂಡ. ಆಮೇಲೆ ತಾನು ಸರಿದು, ಗೋಡೆಗೆ ಒರಗಲು ನನಗೆ ಜಾಗ ಬಿಟ್ಟ. ನಿನ್ನೆ ನಾನು ಕೇಳಿದ್ದೂ ಅದೇ ಪ್ರಶ್ನೆ, ಅಲ್ವಾ? ಬೆಳಿಗ್ಗೆ ಎದ್ದು ಬರುವಾಗ ಆ ತಾಯಿಯ ಹೆಸರೂ ಕೇಳದೆ ಬಂದೆ. ಇವತ್ತಿಗೂ ಕುರ್ಲಾ ಅಂದರೆ ಆ ಹಾಲಿಲ್ಲದ ಚಹಾ ಬಾಯಿಗೆ ಬರುತ್ತದೆ.

ಚಿಗವ್ವನ ಮನೆಯೇ ಗಟ್ಟಿ ಅಂತ ನಾನು ಹಟ ಮಾಡಿದೆ. ಆದರೆ ಅಲ್ಲಿಂದ ಆಫೀಸಿಗೆ ನೀನು ದಿನಾ ಲೋಕಲ್‌ನಲ್ಲಿ ಮುಂಬ್ರಾ ದಾಟಬೇಕು. 2025ರ ಜೂನ್‌ನಲ್ಲಿ ಅಲ್ಲೇ ತುಂಬಿದ ಲೋಕಲ್‌ನ ಬಾಗಿಲಲ್ಲಿದ್ದವರು ಬಿದ್ದು ಸತ್ತರು. ಘಾಟ್ಕೋಪರ್‌ನಿಂದ ಅಂಧೇರಿಗೆ ಮೆಟ್ರೋ ಇದೆ, ಬಾಗಿಲು ತಾನೇ ಮುಚ್ಚುತ್ತದೆ. ನೀನು ಹೇಳಿದ್ದೇ ಸರಿ.

ಆದರೂ ಎಲ್ಲಿಗಾದರೂ ಲೋಕಲ್ ಹತ್ತಿದರೆ ಬಾಗಿಲಲ್ಲಿ ನಿಲ್ಲಬೇಡ. ಒಂದು ಗಾಡಿ ಹೋದರೆ ಹೋಗಲಿ, ಹಿಂದೆಯೇ ಇನ್ನೊಂದು ಬರುತ್ತದೆ. ಮರಾಠಿ ಕಲಿ, ಹಿಂದಿಯಲ್ಲೇ ಸಾಗುತ್ತದೆ ಅಂತ ಬಿಡಬೇಡ. ಪರ್ಸಿನಲ್ಲಿ ನೋಟು ಇರಲಿ, ಮೊಬೈಲ್ ಸತ್ತರೆ ಅದೊಂದೇ ಗತಿ. ಜೋರು ಮಳೆ ಇದ್ದರೆ ಆಫೀಸಿನಲ್ಲೇ ಉಳಿ, ನಾನು ಬೈಯುವುದಿಲ್ಲ. ಬುದ್ಧಿ ಹೇಳಬಾರದು ಅಂತ ಕೂತವನು ಹೇಳುತ್ತಲೇ ಇದ್ದೇನೆ, ಕ್ಷಮಿಸು.

ನಿನ್ನ ಮೊದಲ ಸಂಬಳದ ಮೆಸೇಜ್ ಮಿಲ್ಲಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ಹಮಾಲರಿಗೂ ತೋರಿಸಿದೆ. ನಿನಗೆ ಹೇಳಿರಲಿಲ್ಲ.

ಆ ಮೂವರು ಹುಡುಗಿಯರ ಹೆಸರು ಬರೆ. ನಿಮ್ಮವ್ವ ನಾಲ್ವರಿಗೂ ಆಗುವಷ್ಟು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಾಳೆ. ಮತ್ತೆ ಮನೆ ಎಷ್ಟನೇ ಮಹಡಿಯಲ್ಲಿದೆ ಅಂತಲೂ ಬರೆ. ನೆಲಮಹಡಿ ಅಲ್ಲ ತಾನೆ?

ನಿನ್ನ ಅಪ್ಪ