ಅಮ್ಮ, ಆ ಅಶ್ವಗಂಧದ ಕ್ಯಾಪ್ಸೂಲ್ ಇವತ್ತೇ ನಿಲ್ಲಿಸು

ಕೋಪನ್‌ಹೇಗನ್

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಅಪ್ಪನಿಗೂ ಹೇಳು.

ನಿನ್ನ ಕಾಗದ ಬಂತು. ಸುಮಾಗೆ ಗಂಡು ನೋಡುತ್ತಿರುವುದು ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಬರೆದಿದ್ದ ಸಾಲು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ನಿದ್ದೆ ಬರಲಿ ಅಂತ ಚಿಕ್ಕಮ್ಮ ಕೊಟ್ಟ ಅಶ್ವಗಂಧದ ಕ್ಯಾಪ್ಸೂಲ್ ಶುರು ಮಾಡಿದ್ದೀಯ. ಈಗ ಎದೆ ಢವಢವ ಅನ್ನುತ್ತದೆ, ಬೆವರು ಜಾಸ್ತಿ, ಬೆಂಗಳೂರಿನ ಸೆಖೆಗೆ ಇರಬೇಕು ಅಂತ ಬರೆದಿದ್ದೀಯ.

ಸೆಖೆ ಅಲ್ಲದೇ ಇರಬಹುದು ಅಮ್ಮ. ನೀನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುತ್ತೀಯ ಅಲ್ವಾ? ಅಶ್ವಗಂಧವೂ ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದು. 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಥೈರಾಯ್ಡ್ ಸ್ವಲ್ಪ ಕಡಿಮೆ ಇದ್ದವರಿಗೆ ದಿನಕ್ಕೆ 600 ಮಿಲಿಗ್ರಾಂ ಬೇರಿನ ಸಾರ 8 ವಾರ ಕೊಟ್ಟಿದ್ದರು. ಅವರ ಥೈರಾಯ್ಡ್ ಹಾರ್ಮೋನ್ ಏರಿ, ಥೈರಾಯ್ಡ್ ಕಡಿಮೆಯಾದಾಗ ರಕ್ತದಲ್ಲಿ ಹೆಚ್ಚುವ ಟಿಎಸ್‌ಎಚ್ ಇಳಿಯಿತು. ನಿನಗೆ ಆ ಕೆಲಸ ಮಾಡಲು ಮಾತ್ರೆ ಆಗಲೇ ಇದೆ. ಮೇಲೆ ಇದೂ ಸೇರಿದರೆ ಹಾರ್ಮೋನ್ ಅತಿಯಾಗಿ ಎದೆ ಹೊಡೆದುಕೊಳ್ಳಬಹುದು, ಬರುವ ನಿದ್ದೆಯೂ ಕೆಡಬಹುದು.

ಅಜ್ಜಿ ಕೊಡುತ್ತಿದ್ದರಲ್ಲ ಅಂತ ಕೇಳುತ್ತೀಯ, ಗೊತ್ತು. ಅಜ್ಜಿ ಗ್ರಂಧಿಗೆ ಅಂಗಡಿಯಿಂದ ಒಣಬೇರು ತರಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆಯಷ್ಟು ಪುಡಿಯನ್ನು ಹಾಲಲ್ಲಿ ಕುದಿಸಿ ತುಪ್ಪ ಹಾಕಿ ಕೊಡುತ್ತಿದ್ದರು. ಅದೂ ಸೊರಗಿದವರಿಗೆ, ಕೆಲವು ದಿನ ಮಾತ್ರ. ಎಲೆಯನ್ನು ಅರೆದು ಬಾವು ಬಂದ ಕಡೆ ಕಟ್ಟುತ್ತಿದ್ದರೇ ಹೊರತು ಕುಡಿಸಿದ್ದಿಲ್ಲ. ಕ್ಯಾಪ್ಸೂಲಿನಲ್ಲಿ ಇರುವುದು ಸಾಮಾನ್ಯವಾಗಿ ವಿಥನೊಲೈಡ್ ಅನ್ನುವ ಅಂಶ ಹೆಚ್ಚಾಗುವಂತೆ ಗಟ್ಟಿ ಮಾಡಿದ ಸಾರ. ಕೆಲವದರಲ್ಲಿ ಎಲೆಯನ್ನೂ ಬೆರೆಸುತ್ತಾರೆ. ಅಜ್ಜಿಯ ಹಾಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಐಸ್‌ಲ್ಯಾಂಡ್ ಮತ್ತು ಅಮೆರಿಕದಲ್ಲಿ ಇಂಥದ್ದನ್ನು ತಗೊಂಡ ಐದು ಜನಕ್ಕೆ ಕಾಮಾಲೆ ಬಂದದ್ದು 2020ರಲ್ಲಿ ವರದಿಯಾಗಿದೆ. ನಿಲ್ಲಿಸಿದ ಮೇಲೆ ವಾಸಿಯಾಯಿತು, ಹೆದರಬೇಡ.

ಇಲ್ಲಿ ಡೆನ್ಮಾರ್ಕಿನಲ್ಲಂತೂ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿಯೇ ಬಿಟ್ಟರು. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮವರು ತಲೆಮಾರುಗಳಿಂದ ಅಳತೆ ಅರಿತು ಬಳಸಿದ ಬೇರು ಅದು. ಇದೇ ಜನ ನಮ್ಮ ಜೇಷ್ಠಮಧುವಿನ ಸಾರಕ್ಕೆ ನವಸಾಗರ ಅನ್ನುವ ಉಪ್ಪು ಬೆರೆಸಿ, ಕಪ್ಪು ಮಿಠಾಯಿ ಮಾಡಿ ಚೀಲಗಟ್ಟಲೆ ತಿನ್ನುತ್ತಾರೆ! ಅದು ಜಾಸ್ತಿಯಾದರೆ ರಕ್ತದೊತ್ತಡ ಏರುತ್ತದೆ. ಆಫೀಸಿನಲ್ಲಿ ಇದನ್ನು ಹೇಳಿದೆ. ನಕ್ಕು ನನಗೂ ಒಂದು ಕೊಟ್ಟರು. ಉಪ್ಪುಪ್ಪು, ಬಾಯಿಗೆ ಹಿಡಿಸಲಿಲ್ಲ.

ಈಗ ನೀನು ಮಾಡಬೇಕಾದದ್ದು ಕೇಳು. ಕ್ಯಾಪ್ಸೂಲ್ ನಿಲ್ಲಿಸು. ಥೈರಾಯ್ಡ್ ಮಾತ್ರೆ ಮಾತ್ರ ನೀನಾಗಿ ನಿಲ್ಲಿಸಬೇಡ. ನಾಳೆಯೇ ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳು, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸು. ಎದೆ ನೋವು, ತಲೆಸುತ್ತು, ಉಸಿರುಕಟ್ಟುವುದು ಏನಾದರೂ ಇದ್ದರೆ ನಾಳೆವರೆಗೂ ಕಾಯಬೇಡ, ಅಪ್ಪನನ್ನು ಕರೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗು. ಏನೂ ಆಗಿರಲ್ಲ, ಖಂಡಿತ ಏನೂ ಆಗಿರಲ್ಲ, ಆದರೂ ತೋರಿಸು. ದುಡ್ಡು ಹಾಕಿದ್ದೇನೆ, ಲೆಕ್ಕ ನೋಡಬೇಡ. ಚಿಕ್ಕಮ್ಮನ ಮೇಲೆ ಸಿಟ್ಟಾಗಬೇಡ, ಪ್ರೀತಿಯಿಂದಲೇ ಕೊಟ್ಟಿದ್ದಾರೆ.

ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಸ್ವೆಟರ್ ಹಾಕುತ್ತಿದ್ದೇನೆ, ನನ್ನ ಚಿಂತೆ ಬೇಡ. ರೈಲಿಗೆ ಹೊತ್ತಾಯಿತು. ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸು.

ನಿನ್ನ ಮಗ,
ರಘು